ಉಪಚಾರದ ಎರಡು ಅರ್ಥ

ಹಿಂದಿನ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು ಸಂಜೆಯ ಹೊತ್ತು ಮನೆಗೆ ಬಂದು, ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕಡೆಗೆ ತನ್ನ ಚಿಂತೆಯನ್ನು ಹೇಳಿಕೊಂಡನು. ಅವನ ಮಗಳು ಪಿ.ಯು.ಸಿ. ಮುಗಿಸಿ, ಚಿಲ್ಲರೆ ವ್ಯಾಪಾರಕ್ಕೆ ಸಂಬಂಧಪಟ್ಟ ಬಿ.ವೋಕ್. ಎಂಬ ಪದವಿಯ ತರಗತಿಗೆ ಸೇರಿರುವಳು. ಅಲ್ಲಿ ಲೆಕ್ಕ, ದಾಸ್ತಾನು ಮೊದಲಾದವುಗಳ ಜತೆಗೆ ‘ಗ್ರಾಹಕ ಸೇವೆ’ ಎಂಬುದೂ ಒಂದು ಪಾಠವಂತೆ. ಮನೆಯಲ್ಲಿ ಅಜ್ಜಿಗೆ ಇದು ಸರಿಬೀಳಲಿಲ್ಲ. “ನಗುವುದಕ್ಕೂ ನಮಸ್ಕಾರ ಹೇಳುವುದಕ್ಕೂ ಕಾಲೇಜಿಗೆ ಹಣ ಕಟ್ಟಬೇಕೆ? ಬಂದವರಿಗೆ ಮಣೆ ಹಾಕಿ ನೀರು ಕೊಡುವುದನ್ನು ನಾನೇ ಕಲಿಸಿಲ್ಲವೆ?” ಎಂದು ಆಕೆ ದಿನಕ್ಕೊಮ್ಮೆ ಕೇಳುವರಂತೆ. “ಮೇಷ್ಟ್ರೇ, ಅಮ್ಮನ ಮಾತಿಗೆ ನನಗೆ ಉತ್ತರ ತೋಚದು. ಮುಂದಿನ ವರ್ಷದ ಫೀಜು ಕಟ್ಟಲೋ, ಬಿಡಿಸಿ ಬಿ.ಕಾಂ.ಗೆ ಸೇರಿಸಲೋ, ನೀವೇ ಹೇಳಿ” ಎಂದನು.

ಕೂಡಲೆ ಉತ್ತರ ಹೇಳುವುದು ಉಚಿತವೆಂದು ನಮಗೆ ತೋರಲಿಲ್ಲ. ಭಾನುವಾರ ಮಗಳನ್ನು ಪುಸ್ತಕದೊಡನೆ ಕಳುಹಿಸೆಂದು ಹೇಳಿದೆವು. ಅಜ್ಜಿಯ ಪ್ರಶ್ನೆ ಇಂದು ಅನೇಕ ಮನೆಗಳಲ್ಲಿ ಏಳತಕ್ಕ ಪ್ರಶ್ನೆಯೇ ಆದುದರಿಂದ, ನಾವು ವಿಚಾರಿಸಿ ಕಂಡುಕೊಂಡುದನ್ನು ವಾಚಕರ ಮುಂದಿಡುವೆವು.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2014 ರಲ್ಲಿ ಬಿ.ವೋಕ್. ಪದವಿಯನ್ನು ಏರ್ಪಡಿಸಿತು. ಆಗ ಮಾಡಿದ ನಿಯಮದಂತೆ ವ್ಯಾಸಂಗದಲ್ಲಿ ನೂರಕ್ಕೆ 60 ಪಾಲು ಕಸಬಿನ ಶಿಕ್ಷಣ, 40 ಪಾಲು ಸಾಮಾನ್ಯ ವಿದ್ಯೆ. ಒಂದು ವರ್ಷ ಓದಿ ನಿಲ್ಲಿಸಿದವರಿಗೆ ಡಿಪ್ಲೊಮಾ, ಎರಡು ವರ್ಷಕ್ಕೆ ಅದಕ್ಕಿಂತ ಮೇಲಿನ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ. ಆದಕಾರಣ ಇದು ಹೊತ್ತು ಕಳೆಯುವ ತರಗತಿಯಲ್ಲವೆಂಬುದು ಮೊದಲೇ ಸ್ಪಷ್ಟವಾಯಿತು.

ಭಾನುವಾರ ಹುಡುಗಿ ಬಂದಳು. ಪುಸ್ತಕದಲ್ಲಿದ್ದ ಉಪದೇಶಗಳೇನೂ ಕೆಟ್ಟವಲ್ಲ. ಬಂದವರನ್ನು ಮೊದಲು ಮಾತನಾಡಿಸಬೇಕು, ಅವರ ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕಬಾರದು, ಕೇಳಿದುದನ್ನು ತನ್ನ ಮಾತಿನಲ್ಲಿ ಒಮ್ಮೆ ಹೇಳಿ ಸರಿಯೆ ಎಂದು ಒಪ್ಪಿಸಿಕೊಳ್ಳಬೇಕು, ತಪ್ಪಾಗಿದ್ದರೆ ಒಪ್ಪಿಕೊಳ್ಳಬೇಕು. ಪರೀಕ್ಷೆಯಲ್ಲಿ ಒಬ್ಬರು ಗಿರಾಕಿಯಾಗಿ, ಇನ್ನೊಬ್ಬರು ಅಂಗಡಿಯವರಾಗಿ ನಟಿಸಬೇಕಂತೆ. ಸರಿ, ನಾವೇ ಗಿರಾಕಿಯಾದೆವು. ಕೊಂಡ ವಾರದಲ್ಲಿ ಕೆಟ್ಟ ಮಿಕ್ಸಿಯನ್ನು ಹಿಂದಕ್ಕೆ ತಂದವರಂತೆ ಗದರಿ ಮಾತನಾಡಿದೆವು. ಹುಡುಗಿ ಕಿಂಚಿತ್ತೂ ಅಳುಕದೆ, “ತಮಗಾದ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ, ಸರ್” ಎಂದಳು. “ಸರಿಯಮ್ಮ, ಮಿಕ್ಸಿ ಎಂದಿಗೆ ಸರಿಹೋಗುವುದು?” ಎಂದು ಕೇಳಿದೆವು. ಹುಡುಗಿ ಪುಸ್ತಕವನ್ನು ನೋಡಿದಳು, ನಮ್ಮನ್ನು ನೋಡಿದಳು, ನಕ್ಕುಬಿಟ್ಟಳು. “ಅದು ಇದರಲ್ಲಿಲ್ಲ, ತಾತ” ಎಂದಳು.

ಸಂಸ್ಕೃತವನ್ನು ಓದಿದವರಿಗೆ ಇಲ್ಲಿ ಒಂದು ಶಬ್ದ ನೆನಪಿಗೆ ಬಾರದಿರದು. ‘ಉಪಚಾರ’ವೆಂದರೆ ಬಳಿಗೆ ಹೋಗಿ ನಡೆದುಕೊಳ್ಳುವುದು. ದೇವರಿಗೆ ಹದಿನಾರು ಉಪಚಾರಗಳು, ರೋಗಿಗೆ ಉಪಚಾರ, ಅತಿಥಿಗೆ ಉಪಚಾರ. ಆದರೆ ಶಾಸ್ತ್ರಗಳಲ್ಲಿ ಇದೇ ಶಬ್ದಕ್ಕೆ ಇನ್ನೊಂದು ಅರ್ಥವುಂಟು. ಧೀರನಾದ ಹುಡುಗನನ್ನು ‘ಸಿಂಹ’ವೆಂದು ಕರೆದರೆ ಅದೂ ಉಪಚಾರವೇ, ಎಂದರೆ ವಸ್ತುತಃ ಇಲ್ಲದುದನ್ನು ಮಾತಿನಿಂದ ಆರೋಪಿಸುವುದು. ‘ಔಪಚಾರಿಕ’ವೆಂಬ ಮಾತು ಬಾಯುಪಚಾರಕ್ಕೆ ಸಲ್ಲುವುದು ಈ ಅರ್ಥದ ನೆರಳಿನಲ್ಲಿಯೇ. ಕಾಲೇಜು ಯಾವ ಉಪಚಾರವನ್ನು ಕಲಿಸುವುದೆಂಬುದೇ ಇಲ್ಲಿ ಕೇಳತಕ್ಕ ಪ್ರಶ್ನೆ.

ಎರಡಕ್ಕೂ ಇರುವ ಅಂತರವನ್ನು ನಾವು ಕಣ್ಣಾರೆ ಕಂಡೆವು. ಕಳೆದ ನವೆಂಬರಿನಲ್ಲಿ ಪಿಂಚಣಿಗಾಗಿ ಜೀವಂತ ಪ್ರಮಾಣಪತ್ರ ಕೊಡಲು ಒಂದು ಬ್ಯಾಂಕಿಗೆ ಹೋಗಿದ್ದಾಗ, ನಮ್ಮ ಮುಂದೆ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. ಜೀವಮಾನವೆಲ್ಲ ದುಡಿದು ಬೆರಳಿನ ಗೆರೆಗಳು ಸವೆದುಹೋಗಿದ್ದುದರಿಂದ ಯಂತ್ರವು ಅವರ ಬೆರಳಚ್ಚನ್ನು ಗುರುತಿಸಲಿಲ್ಲ. ಕಿಟಕಿಯಲ್ಲಿದ್ದ ಯುವಕನು ಅತ್ಯಂತ ವಿನಯದಿಂದ, ಮುಗುಳುನಗೆಯಿಂದ, “ನಾಳೆ ಬನ್ನಿ ಅಮ್ಮ” ಎಂದನು. ಅಂದು ಅವರು ಬಂದುದು ಮೂರನೆಯ ಸಲವೆಂದು ಬೆಂಚಿನ ಮೇಲೆ ಕುಳಿತಾಗ ತಿಳಿಯಿತು. ಗಣಕಯಂತ್ರದ ಮೂಲಕ ಈ ಪ್ರಮಾಣಪತ್ರ ಪಡೆಯುವ ಪದ್ಧತಿ ಬಂದುದು 2014 ರಲ್ಲಿ. ಬೆರಳಚ್ಚು ಬಾರದವರು ಮುಖವನ್ನು ತೋರಿಸಿ ಪ್ರಮಾಣ ಪಡೆಯುವ ಮಾರ್ಗವೂ 2021 ರಿಂದ ಉಂಟು. ಕಾಗದದ ನಮೂನೆಯಂತೂ ಇದ್ದೇ ಇದೆ. ಒಳಗಿನಿಂದ ಬಂದ ಹಿರಿಯ ಗುಮಾಸ್ತೆಯೊಬ್ಬರು ನಗಲೂ ಇಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಒಂದು ನಮೂನೆಯನ್ನು ತಂದು ತಾವೇ ತುಂಬಿ, ಹೆಬ್ಬೆಟ್ಟು ಒತ್ತಿಸಿ, “ಆಯಿತು, ಹೋಗಿ” ಎಂದರು. ಯುವಕನದು ಎರಡನೆಯ ಅರ್ಥದ ಉಪಚಾರ; ಆಕೆಯದು ಮೊದಲನೆಯದು. ಯುವಕನಲ್ಲಿ ದಯೆಗೇನೂ ಕೊರತೆಯಿರಲಿಲ್ಲ, ತಿಳಿವಳಿಕೆಯ ಕೊರತೆಯಿತ್ತು. ತಿಳಿಯದವನ ವಿನಯದಿಂದ ಮುದುಕಿಗೆ ನಾಲ್ಕನೆಯ ಸಲದ ಬಸ್ಸಿನ ಓಡಾಟವೊಂದೇ ಲಾಭವಾಗುತ್ತಿತ್ತು.

ಇದು ನಮ್ಮೊಬ್ಬರ ಅಭಿಪ್ರಾಯವಲ್ಲ. ಪರಶುರಾಮನ್, ಝೈಟ್‌ಹ್ಯಾಮಲ್, ಬೆರಿ ಎಂಬ ಮೂವರು ವಿದ್ವಾಂಸರು ಅಮೆರಿಕದಲ್ಲಿ ಗಿರಾಕಿಗಳನ್ನೇ ಕೇಳಿ, ಸೇವೆಯ ಗುಣವನ್ನು ಅಳೆಯುವ ಐದು ಅಂಗಗಳನ್ನು 1988 ರಲ್ಲಿ ಪ್ರಕಟಿಸಿದರು. ಹೇಳಿದುದನ್ನು ತಪ್ಪದೆ ನಡೆಸುವುದು, ತಡಮಾಡದೆ ನೆರವಾಗುವುದು, ತಿಳಿವಳಿಕೆಯಿಂದ ಭರವಸೆ ಹುಟ್ಟಿಸುವುದು, ಬಂದವರ ಕಷ್ಟವನ್ನು ಅರಿಯುವುದು, ಸ್ಥಳ ಸಾಮಗ್ರಿ ಉಡುಪುಗಳ ಅಚ್ಚುಕಟ್ಟು—ಇವೇ ಆ ಐದು. ಇವುಗಳಲ್ಲಿ ಜನರು ಎಲ್ಲಕ್ಕಿಂತ ಹೆಚ್ಚಾಗಿ ಬಯಸಿದುದು ಹೇಳಿದುದನ್ನು ನಡೆಸುವ ಗುಣವನ್ನು. ಕಡಮೆ ಬೆಲೆ ಕೊಟ್ಟುದು ಹೊರಗಿನ ಅಂದಕ್ಕೆ. ನಮ್ಮ ನಾಡಿನಲ್ಲಿ ಇದಕ್ಕೆ ನಿದರ್ಶನ ಬೇಕಾದರೆ ಉಡುಪಿಯನ್ನು ನೋಡಬಹುದು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020 ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿದ ಸಂಸ್ಥೆಯು 1928 ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನೂ ಸ್ವೀಕರಿಸುತ್ತಿದ್ದನು. ಬಡವರು ಅವನನ್ನು ನಂಬಿದುದು ಅವನ ನಗೆಗಾಗಿಯಲ್ಲ; ಇಂದು ಬಂದವನು ನಾಳೆಯೂ ಬರುವನು, ಕೊಟ್ಟ ಹಣ ಲೆಕ್ಕಕ್ಕೆ ಸೇರುವುದು ಎಂಬ ಭರವಸೆಗಾಗಿ.

ಹಾಗಾದರೆ ಅಜ್ಜಿಯ ಮಾತೇ ಸರಿಯೆ? ಪೂರ್ತಿಯಾಗಿ ಅಲ್ಲ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಗುರುವು ವೇದಾಧ್ಯಯನ ಮುಗಿಸಿದ ಶಿಷ್ಯನಿಗೆ ಅತಿಥಿಯನ್ನು ಕಾಣಬೇಕಾದ ಬಗೆಯನ್ನೂ, ಕೊಡುವಾಗ ಇರಬೇಕಾದ ಮನೋಭಾವವನ್ನೂ ಪ್ರತ್ಯೇಕವಾಗಿ ಹೇಳುವನು. ಮನೆಯಲ್ಲಿ ಕಲಿತಿರುವನೆಂದು ಸುಮ್ಮನಾಗಲಿಲ್ಲ. ಅದೂ ಅಲ್ಲದೆ, ಅಜ್ಜಿ ಕಲಿಸಿದುದು ಪರಿಚಿತನಾದ ಒಬ್ಬ ಅತಿಥಿಯನ್ನು ಆದರಿಸುವುದನ್ನು. ಈ ಹುಡುಗಿ ಕಲಿಯಬೇಕಾದುದು, ಕಾಲು ನೋಯುತ್ತಿರುವ ಸಂಜೆಯಲ್ಲಿ ನೂರನೆಯ ಅಪರಿಚಿತನನ್ನು ಮೊದಲನೆಯವನಂತೆಯೇ ಆದರಿಸುವುದನ್ನು.

ಹಳೆಯ ಅಂಗಡಿಗಳನ್ನು ಹೊಗಳುವ ನಮ್ಮಂಥವರು ಮರೆಯುವ ಮಾತು ಇನ್ನೊಂದಿದೆ. ಅಂದು ಶೆಟ್ಟರ ಅಂಗಡಿಯಲ್ಲಿ ಕೆಲವರಿಗೆ ಗಾದಿ, ಕೆಲವರಿಗೆ ಜಗಲಿ, ಕೆಲವರಿಗೆ ಬೀದಿ. ಬೀದಿಯಲ್ಲಿ ನಿಂತವನ ಪೊಟ್ಟಣವನ್ನು ದೂರದಿಂದಲೇ ಎಸೆಯುತ್ತಿದ್ದುದೂ ಉಂಟು. ಹುಡುಗಿಯ ಪುಸ್ತಕದಲ್ಲಿ, ಬಂದವರೆಲ್ಲರನ್ನೂ ಬಹುವಚನದಿಂದಲೇ ಕರೆಯಬೇಕು, ಬಟ್ಟೆ ನೋಡಿ ಮಾತನಾಡಬಾರದು ಎಂದು ಬರೆದಿದೆ. ಈ ಒಂದು ಸಾಲನ್ನು ಪರೀಕ್ಷೆಗಾಗಿಯಾದರೂ ಮಕ್ಕಳು ಬಾಯಿಪಾಠ ಮಾಡುವರಾದರೆ, ಕಟ್ಟಿದ ಹಣ ವ್ಯರ್ಥವಲ್ಲವೆಂದು ನಮಗೆ ತೋರಿತು.

ಸೇವೆ ಪಡೆಯುವ ನಮಗೂ ಕರ್ತವ್ಯವುಂಟು. 1986 ರ ಗ್ರಾಹಕ ರಕ್ಷಣಾ ಶಾಸನವೂ ಅದರ ಸ್ಥಾನದಲ್ಲಿ ಬಂದ 2019 ರ ಶಾಸನವೂ ಗಿರಾಕಿಗೆ ಹಕ್ಕುಗಳನ್ನು ಕೊಟ್ಟವು. ಮೋಸಹೋದವರು 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದೂರು ಹೇಳಬಹುದು. ಆದರೆ ಮುಖಕ್ಕೆ ನಗೆ ತಂದುಕೊಂಡು ನಿಲ್ಲುವವರ ಶ್ರಮವನ್ನು ನಾವು ಲೆಕ್ಕಕ್ಕೆ ತರುವುದು ಅಪರೂಪ. ಆರ್ಲೀ ಹಾಕ್‌ಷೀಲ್ಡ್ ಎಂಬ ಅಮೆರಿಕದ ವಿದುಷಿ 1983 ರಲ್ಲಿ ಬರೆದ ಗ್ರಂಥದಲ್ಲಿ ವಿಮಾನದ ಪರಿಚಾರಿಕೆಯರನ್ನು ಪರಿಶೀಲಿಸಿ, ಸಂಬಳಕ್ಕಾಗಿ ಮನೋಭಾವವನ್ನು ಅಳವಡಿಸಿಕೊಳ್ಳುವುದೂ ಒಂದು ದುಡಿಮೆಯೇ, ಅದರಿಂದಲೂ ಮನುಷ್ಯನು ಬಳಲುವನು ಎಂದು ತೋರಿಸಿದರು. ಇನ್ನು ಮೈಯ ದಣಿವು ಬೇರೆ. ಅಂಗಡಿಗಳಲ್ಲಿ ದುಡಿಯುವವರಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ವಿಧಿಸುವುದಕ್ಕೆ ಕೇರಳದಲ್ಲಿ 2018 ರಲ್ಲಿಯೂ ತಮಿಳುನಾಡಿನಲ್ಲಿ 2021 ರಲ್ಲಿಯೂ ಶಾಸನವನ್ನೇ ತಿದ್ದಬೇಕಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಪಾರ್ಸೆಲ್ ತಂದ ಹುಡುಗನನ್ನು ನಾವು ಏಕವಚನದಲ್ಲಿ ಗದರಿದರೆ, ಒಳಗೆ ಓದುತ್ತಿರುವ ನಮ್ಮ ಮಕ್ಕಳಿಗೆ ಅದೂ ಗ್ರಾಹಕ ಸೇವೆಯ ಒಂದು ಪಾಠವೇ.

ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತು, ಬಹುಶಃ ಕೇಳಬೇಕೆಂದೇ ಬಂದಿದ್ದ ಮಾತನ್ನು ಕೇಳಿದಳು. ಕಾಲೇಜಿನವರು ಆಕೆಯನ್ನು ಅಭ್ಯಾಸಕ್ಕಾಗಿ ಒಂದು ಬಟ್ಟೆಯಂಗಡಿಗೆ ಕಳುಹಿಸಿರುವರು. “ತಾತ, ಬಣ್ಣ ಬಿಡುವ ಸೀರೆಯನ್ನು ಬಿಡುವುದಿಲ್ಲವೆಂದು ಹೇಳೆನ್ನುತ್ತಾರೆ. ಹೇಳಿದರೆ ಕೊಂಡವರಿಗೆ ಮೋಸ, ಹೇಳದಿದ್ದರೆ ಅಂಗಡಿಯವರಿಗೆ ಕೋಪ. ನಾನೇನು ಮಾಡಲಿ?” ಮಿಕ್ಸಿಯ ಪ್ರಶ್ನೆಯಂತೆ ಇದಕ್ಕೂ ಪುಸ್ತಕದಲ್ಲಿ ಉತ್ತರವಿರಲಿಲ್ಲ. ನಾವು ಉತ್ತರ ಹುಡುಕುತ್ತಿರುವಾಗ ಅಡಿಗೆಮನೆಯಿಂದ ನಮ್ಮ ಮನೆಯವರು ಹೇಳಿದರು: “ಮೊದಲ ಸಲ ಉಪ್ಪುನೀರಿನಲ್ಲಿ ನೆನೆಸಿ ಬೇರೆಯಾಗಿಯೇ ಒಗೆಯಿರಿ ಅಂತ ಹೇಳಮ್ಮ. ಸುಳ್ಳೂ ಆಗದು, ಸೀರೆಯೂ ಉಳಿದೀತು. ಹಾಗೆ ಹೇಳಿದವಳನ್ನೇ ಹುಡುಕಿಕೊಂಡು ಮತ್ತೆ ಬರುತ್ತಾರೆ.”

ಇಷ್ಟನ್ನು ಕೇಳಿದ ಮೇಲೆ ಶಿಷ್ಯನಿಗೆ ಉತ್ತರ ಬರೆಯುವುದು ಕಷ್ಟವಾಗಲಿಲ್ಲ. ಫೀಜು ಕಟ್ಟು, ಬಿಡಿಸಬೇಡ. ಮಾರುವ ವಸ್ತುವಿನ ಗುಣದೋಷವನ್ನು ಅಂಗಡಿಯಲ್ಲಿ ಕಲಿಯಲಿ. ಮಾತಿನ ಕ್ರಮವನ್ನು ಕಾಲೇಜಿನಲ್ಲಿ ಕಲಿಯಲಿ. ಕೊಟ್ಟ ಮಾತಿಗೆ ತಪ್ಪದಿರುವುದನ್ನು ಮಾತ್ರ ಅಜ್ಜಿಯಿಂದಲೇ ಕಲಿಯಬೇಕು. ಈ ಕಾಗದವನ್ನು ಅಜ್ಜಿಗೂ ಓದಿ ಹೇಳು.