ಮುರಿದ ಕೈ, ಬಿಚ್ಚಲಾಗದ ಮುಂಡಾಸು

ಫಲಿತಾಂಶ ಮೊದಲೇ ಗೊತ್ತುಪಡಿಸಿದ ಪಂದ್ಯವನ್ನು ವಿಮರ್ಶಿಸುವುದೇನಿದೆ ಎಂದು ಕೇಳುವವರಿದ್ದಾರೆ. ವೃತ್ತಿಪರ ಕುಸ್ತಿಯೆಂದರೆ ಬರೀ ಸೋಗು ಎಂಬ ತಾತ್ಸಾರ ನಮ್ಮ ವಿದ್ಯಾವಂತರಲ್ಲಿ ಹಳೆಯದು. ಮೈಸೂರು ದಸರೆಯ ನಾಡಕುಸ್ತಿಯಲ್ಲಿ ಯಾರು ಗೆದ್ದರು ಎಂದು ಕೇಳುತ್ತೇವೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಆ ಗೆಲುವು ನ್ಯಾಯವೆಂದು ಸಾವಿರಾರು ಜನರಿಗೆ ಅನ್ನಿಸುವಂತೆ ಮಾಡಿದ್ದು ಹೇಗೆ? 1957ರಲ್ಲಿ ಪ್ರಕಟವಾದ 'ಮಿಥಾಲಜೀಸ್' ಕೃತಿಯಲ್ಲಿ ರೋಲಾಂ ಬಾರ್ತ್ ಈ ಕುಸ್ತಿಯನ್ನು ಕ್ರೀಡೆಯೆಂದಲ್ಲ, ನೀತಿಯ ಪ್ರದರ್ಶನವೆಂದು ಓದಿದ್ದು ಅದಕ್ಕಾಗಿಯೇ.

ಆ ದೃಷ್ಟಿಯಿಂದ ತೂಗಿ ನೋಡಬೇಕಾದ ಪಂದ್ಯವೊಂದಿದೆ. 1974ರ ಜೂನ್ 26ರಂದು ಒಸಾಕಾದಲ್ಲಿ ಎನ್‌ಡಬ್ಲ್ಯುಎಫ್ ಪ್ರಶಸ್ತಿಗಾಗಿ ಆಂಟೋನಿಯೊ ಇನೋಕಿ ಮತ್ತು ಟೈಗರ್ ಜೀತ್ ಸಿಂಗ್ ಸೆಣಸಿದರು. ಸಿಂಗ್ ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಬಂದವರು. ಫ್ರೆಡ್ ಅಟ್ಕಿನ್ಸ್ ಕೈಕೆಳಗೆ ಪಳಗಿ ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲಿ ಹೆಸರು ಮಾಡಿದವರು. ಜಪಾನಿನಲ್ಲಿ ಅವರಿಗೆ ಸಿಕ್ಕಿದ್ದು 'ಭಾರತದ ಹುಚ್ಚು ಹುಲಿ'ಯ ಪಾತ್ರ. ತಲೆಗೆ ಮುಂಡಾಸು, ಬಾಯಲ್ಲಿ ಕತ್ತಿ. 1973ರ ನವೆಂಬರಿನಲ್ಲಿ ಟೋಕಿಯೊದ ಶಿಂಜುಕುವಿನ ಅಂಗಡಿ ಬೀದಿಯಲ್ಲಿ, ಹೆಂಡತಿಯ ಜೊತೆಗಿದ್ದ ಇನೋಕಿಯ ಮೇಲೆ ಅವರು ಎರಗಿದ ಘಟನೆ ದೊಡ್ಡ ಸುದ್ದಿಯಾಯಿತು. ಒಸಾಕಾದ ಪಂದ್ಯಕ್ಕೆ ಆರು ದಿನ ಮೊದಲು ಅವರು ಇನೋಕಿಯ ಮುಖದತ್ತ ಬೆಂಕಿ ಎಸೆದಿದ್ದರು.

ಪಂದ್ಯದ ಬಲವಿರುವುದು ಅದರ ಏಕಾಗ್ರತೆಯಲ್ಲಿ. ಇನೋಕಿ ಎದುರಾಳಿಯ ಒಂದೇ ಕೈಯನ್ನು ಗುರಿಯಾಗಿಸಿಕೊಂಡು ಮತ್ತೆ ಮತ್ತೆ ಘಾಸಿಗೊಳಿಸುತ್ತಾರೆ. ಕೊನೆಗೆ ಸಿಂಗ್ ಮುಂದುವರಿಯಲಾರದ ಸ್ಥಿತಿ ತಲುಪುತ್ತಾರೆ. ಮೂಳೆ ನಿಜಕ್ಕೂ ಮುರಿಯಿತೇ ಎಂಬುದು ಬೇರೆ ಮಾತು. ಅಭಿಮಾನಿಗಳ ನೆನಪಿನಲ್ಲಿ ಅದು ಕೈ ಮುರಿದ ಪಂದ್ಯವಾಗಿಯೇ ಉಳಿದಿದೆ. ಆ ನೋವನ್ನು ನಂಬಿಸಿದ್ದು ಸೋತವನ ದೇಹ. ಇನೋಕಿಯ ಕೋಪಕ್ಕೆ ಬೆಲೆ ಬಂದದ್ದು ಸಿಂಗ್ ಅವರ ದುಡಿಮೆಯಿಂದ. ಮರುವರ್ಷ ಮಾರ್ಚ್ 13ರಂದು ಹಿರೋಶಿಮಾದಲ್ಲಿ ಸಿಂಗ್ ಅದೇ ಪ್ರಶಸ್ತಿ ಗೆದ್ದು, ಜೂನಿನಲ್ಲಿ ಇನೋಕಿಗೆ ಬಿಟ್ಟುಕೊಟ್ಟರು. ನಾಯಕನಿಗೆ ತನ್ನ ಖಳ ಎಷ್ಟು ಅಗತ್ಯವಾಗಿದ್ದ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯಕ್ಷಗಾನ ಬಲ್ಲವರಿಗೆ ಇದು ಅಪರಿಚಿತವಲ್ಲ. ಬಣ್ಣದ ವೇಷ ಅಬ್ಬರಿಸುತ್ತ ಬರುವಾಗ ದೀವಟಿಗೆಗೆ ರಾಳದ ಪುಡಿ ಎರಚಿ ಬೆಂಕಿ ಎಬ್ಬಿಸುತ್ತಾರೆ; ರಾಕ್ಷಸ ಗಟ್ಟಿಯಾಗದೆ ಪ್ರಸಂಗ ಕಳೆಗಟ್ಟುವುದಿಲ್ಲ. ಆದರೆ ವ್ಯತ್ಯಾಸವೊಂದಿದೆ, ಮತ್ತು ಅದೇ ನಿರ್ಣಾಯಕ. ಬೆಳಗಾದ ಮೇಲೆ ಕಲಾವಿದ ಚೌಕಿಯಲ್ಲಿ ಬಣ್ಣ ತೊಳೆದು, ಕಿರೀಟ ಕಳಚಿ ಮನೆಗೆ ಹೋಗುತ್ತಾನೆ. ಸಿಂಗ್ ತೊಟ್ಟ ವೇಷ ಕಳಚಬಹುದಾದದ್ದಲ್ಲ. ಆ ಮುಂಡಾಸು ಅವರ ಜನರದ್ದು. ಟೊರಾಂಟೊದ ಬೀದಿಗಳಲ್ಲಿ ಕತ್ತಿಯಿಲ್ಲದೆ, ಬೆಂಕಿಯಿಲ್ಲದೆ ಅದೇ ಮುಂಡಾಸು ಧರಿಸಿ ಕೆಲಸಕ್ಕೆ ಹೊರಟವರಿದ್ದರು.

ಅದು ಎಂಥ ಟೊರಾಂಟೊ? 1972ರಲ್ಲಿ ನಾಝ್ ಚಿತ್ರಮಂದಿರ ಆರಂಭವಾಗಿ, ಅದರ ಸುತ್ತ ಇಂದಿನ ಜೆರಾರ್ಡ್ ಇಂಡಿಯಾ ಬಜಾರ್ ಚಿಗುರುತ್ತಿದ್ದ ಕಾಲ. 'ಪಾಕಿ' ಎಂಬ ಬೈಗುಳವೂ ಹಲ್ಲೆಯೂ ದಿನನಿತ್ಯದ ಭಯವಾಗಿದ್ದ ಕಾಲವೂ ಹೌದು; 1977ರ ವಾಲ್ಟರ್ ಪಿಟ್‌ಮನ್ ವರದಿ ಹುಟ್ಟಿದ್ದು ಆ ಹಿಂಸೆಯ ಹಿನ್ನೆಲೆಯಲ್ಲಿ. ವಲಸಿಗರಿಗೆ ಜೆರಾರ್ಡ್ ಬೀದಿ ಸೀರೆ, ಸಾಂಬಾರ ಪದಾರ್ಥಗಳ ಪೇಟೆ ಮಾತ್ರವಾಗಿರಲಿಲ್ಲ. ಯಾರ ಪಾತ್ರವನ್ನೂ ಆಡದೆ ತಾವು ತಾವಾಗಿ ನಡೆಯಬಹುದಾದ ಕೆಲವೇ ತಾಣಗಳಲ್ಲಿ ಒಂದಾಗಿತ್ತು.

ಇನ್ನೊಂದು ವಿಡಂಬನೆಯನ್ನೂ ಗಮನಿಸಬೇಕು. ಸಿಂಗ್ ಎದುರು ಜಪಾನಿನ ಮಾನ ಕಾಯಲು ನಿಂತ ಇನೋಕಿ ಸ್ವತಃ ವಲಸಿಗ. ಬಾಲಕನಾಗಿದ್ದಾಗಲೇ ಕುಟುಂಬದೊಂದಿಗೆ ಬ್ರೆಜಿಲ್‌ಗೆ ಹೋಗಿ ಕಾಫಿ ತೋಟದಲ್ಲಿ ದುಡಿದವರು. ಅವರನ್ನು ಅಲ್ಲಿಂದ ಕರೆತಂದ ಗುರು ರಿಕಿದೋಝಾನ್, ಯುದ್ಧದಲ್ಲಿ ಸೋತ ಜಪಾನಿಗೆ ಬಿಳಿಯರನ್ನು ಕೆಡವಿ ತೋರಿಸಿದ ರಾಷ್ಟ್ರವೀರ. ಆತ ಹುಟ್ಟಿನಿಂದ ಕೊರಿಯನ್. ಆ ಗುರುತನ್ನು ಸಾರ್ವಜನಿಕವಾಗಿ ಮುಚ್ಚಿಟ್ಟೇ ಬದುಕಬೇಕಾಯಿತು. ರಾಷ್ಟ್ರದ ನಾಯಕನನ್ನೂ ಅದರ ಶತ್ರುವನ್ನೂ ಕಟ್ಟಿಕೊಟ್ಟದ್ದು ವಲಸಿಗರ ಮೈಯೇ.

ಒಸಾಕಾದ ಪಂದ್ಯ ಕುಸ್ತಿಯಾಗಿ ಉತ್ತಮವಾದದ್ದು, ನೀತಿಪಾಠವಾಗಿ ಅಪಾಯಕಾರಿ. ಮೊದಲು ಪರದೇಶಿಯನ್ನು ಬೆಂಕಿ ಎಸೆಯುವವನಾಗಿ ಚಿತ್ರಿಸು. ಆಮೇಲೆ ಅವನ ಕೈ ಮುರಿದರೆ ಚಪ್ಪಾಳೆ ತಾನಾಗಿ ಬರುತ್ತದೆ. ಈ ಕ್ರಮ ಕುಸ್ತಿಯ ಅಂಕಣಕ್ಕೆ ಸೀಮಿತವಲ್ಲ. ಇಂದು ಕೆನಡಾದಲ್ಲಿ ಮನೆ ಬಾಡಿಗೆ ಏರಿದ್ದಕ್ಕೆ ಭಾರತದಿಂದ ಬಂದ ವಿದ್ಯಾರ್ಥಿಗಳತ್ತ ಬೆರಳು ತೋರಿಸುವ ಮಾತಿನಲ್ಲಿ ಅದೇ ತರ್ಕವಿದೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಧಾವಿಸಿದಾಗ, ನಮ್ಮದೇ ನೆಲದಲ್ಲಿ ಹೊರಗಿನವರ ಸ್ಥಾನದಲ್ಲಿ ನಿಂತವರು ಅವರು. ಇಲ್ಲಿ ವರ್ಣಭೇದವನ್ನು ಖಂಡಿಸುವ ನಾವು ಅಲ್ಲಿನ ಹೊರಗಿನವರ ಬಗ್ಗೆ ಮೌನವಾಗಿದ್ದರೆ, ನಮ್ಮ ಪ್ರಗತಿಪರತೆಯೂ ಒಂದು ವೇಷವಷ್ಟೇ.

ಹಾಗೆಂದು ಸಿಂಗ್ ಅವರನ್ನು ಸಮುದಾಯದ ಮಾನ ಮಾರಿದವರೆಂದು ಜರೆಯುವುದು ಅನ್ಯಾಯ. ಮಾರುಕಟ್ಟೆ ಕೊಟ್ಟ ಪಾತ್ರವನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಆಡಿ ಬದುಕು ಕಟ್ಟಿಕೊಂಡರು. 2010ರಿಂದ ಟೊರಾಂಟೊ ಬಳಿಯ ಮಿಲ್ಟನ್‌ನಲ್ಲಿ ಅವರ ಹೆಸರಿನ ಸಾರ್ವಜನಿಕ ಶಾಲೆಯೇ ಇದೆ. ಆ ಗೌರವ ಸಲ್ಲತಕ್ಕದ್ದೇ. ಆದರೆ ಅಲ್ಲಿನ ಮಕ್ಕಳಿಗೆ ಅವರು ಗೆದ್ದ ಪ್ರಶಸ್ತಿಗಳ ಜೊತೆಗೆ ಅವರ ಬಾಯಿಗೆ ಕತ್ತಿ ಕೊಟ್ಟವರು ಯಾರು, ಏಕೆ ಎಂಬುದನ್ನೂ ಕಲಿಸಬೇಕು.