ಚಿಟಿಕೆ ಪ್ರಸಾದಕ್ಕೆ ಏನಾಗುತ್ತೆ ಅನ್ನಬೇಡಿ



ಸತ್ಯನಾರಾಯಣ ಪೂಜೆ ಮುಗಿದಿದೆ ಅಂದುಕೊಳ್ಳಿ. ತುಪ್ಪ ಜಿನುಗುವ ಸಪಾದ ಕೈಯಿಂದ ಕೈಗೆ ಬರುತ್ತಿದೆ. ಹತ್ತು ವರ್ಷದ ಹುಡುಗಿ ಮಾತ್ರ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ‘ದೇವರ ಪ್ರಸಾದ ಕಣವ್ವ, ಬ್ಯಾಡ ಅನ್ಬಾರ್ದು. ಚಿಟಿಕೆ ಬಾಯಿಗೆ ಹಾಕ್ಕೊ, ಏನೂ ಆಗಲ್ಲ’ ಎನ್ನುತ್ತಾರೆ ಅಜ್ಜಿ. ಪಾಪ, ಅವರದ್ದು ಬರೀ ಅಕ್ಕರೆ. ಆದರೆ ಸಪಾದ ಗೋಧಿ ರವೆಯದ್ದು. ಆ ಮಗುವಿಗೆ ಸೀಲಿಯಾಕ್ ಕಾಯಿಲೆ ಇದ್ದರೆ ಚಿಟಿಕೆಯೂ ಪೆಟ್ಟೇ.

ಇದು ಅಜೀರ್ಣವಲ್ಲ, ಅಲರ್ಜಿಯೂ ಅಲ್ಲ. ಚಪಾತಿ ಹಿಟ್ಟು ಹರಿಯದೆ ಲಟ್ಟಣಿಗೆಯಡಿ ಹಿಗ್ಗುತ್ತದಲ್ಲ, ಆ ಜಿಗುಟು ಗ್ಲುಟೆನ್‌ನದ್ದು. ಗೋಧಿಯಲ್ಲಿದೆ, ಬಾರ್ಲಿಯಲ್ಲೂ ಇದೆ. ಈ ಕಾಯಿಲೆ ಇರುವವರು ಅದನ್ನು ತಿಂದರೆ ಮೈಯ ರಕ್ಷಣಾ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನೊಳಗೆ ಟವೆಲ್ಲಿನ ಎಳೆಗಳಂತೆ ಎದ್ದು ನಿಂತು ಸತ್ವ ಹೀರುವ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಏನು ತಿಂದರೂ ಮೈಗೆ ಹತ್ತುವುದಿಲ್ಲ. ಕೆಲವರಿಗೆ ಭೇದಿ, ಹೊಟ್ಟೆಯುಬ್ಬರ. ಕೆಲವರಿಗೆ ಹೊಟ್ಟೆ ಸುಮ್ಮನಿರುತ್ತದೆ. ಆದರೆ ಮಗು ಎತ್ತರ ಬೆಳೆಯುವುದಿಲ್ಲ, ರಕ್ತ ಏರುವುದಿಲ್ಲ, ಮೂಳೆ ಟೊಳ್ಳಾಗುತ್ತದೆ, ಗರ್ಭ ನಿಲ್ಲುವುದಿಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟರೆ, ಅಪರೂಪಕ್ಕಾದರೂ, ಕರುಳಿನ ಕ್ಯಾನ್ಸರ್‌ವರೆಗೆ ಹೋಗಬಹುದು.

ಮುದ್ದೆ ಉಣ್ಣುವ ನಮಗೆಲ್ಲಿಯ ಗೋಧಿ ಕಾಯಿಲೆ ಎಂದು ನೀವು ಕೇಳಬಹುದು. ಆ ಮಾತಿನಲ್ಲಿ ನಿಜವಿದೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದವರ ರಕ್ತದಲ್ಲಿ ಈ ಕಾಯಿಲೆಯ ಪ್ರತಿಕಾಯ ಶೇ. 1.23ರಷ್ಟು ಕಂಡರೆ ದಕ್ಷಿಣದವರಲ್ಲಿ ಶೇ. 0.10 ಮಾತ್ರ. ಆದರೆ ಅದೇ ಅಧ್ಯಯನದಲ್ಲಿ ಉತ್ತರದವರು ದಿನಕ್ಕೆ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಗ ನಮ್ಮ ಮನೆಗಳನ್ನು ನೋಡಿ. ಸಕ್ಕರೆ ಕಾಯಿಲೆ ಅಂದ ಕೂಡಲೇ ರಾತ್ರಿ ಚಪಾತಿ, ಕಾಫಿಗೆ ಬಿಸ್ಕತ್ತು, ಸಂತೆಗೆ ಹೋದರೆ ಪರೋಟ, ಗೋಬಿ. ಆದರೂ ಅಪರೂಪದ ಕಾಯಿಲೆ ಎಂಬ ಕಾರಣಕ್ಕೇ ನಮ್ಮಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ.

ಹಾಗೆಂದು ಎಲ್ಲರೂ ಗಾಬರಿಯಾಗಿ ಗೋಧಿ ಬಿಡಬೇಕಿಲ್ಲ. ಉಳಿದವರಿಗೆ ಗೋಧಿ ಒಳ್ಳೆಯ ಆಹಾರವೇ. ಕಬ್ಬಿಣದ ಮಾತ್ರೆ ನುಂಗಿಯೂ ರಕ್ತ ಏರದಿದ್ದರೆ, ಮಗು ಸೊರಗುತ್ತಲೇ ಇದ್ದರೆ, ಟಿಟಿಜಿ ಎಂಬ ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ಬಾಯಿಬಿಟ್ಟು ಕೇಳಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಈ ಕಾಯಿಲೆ ಇದ್ದರೂ ಕೇಳಿ. ಬಾಲ್ಯದಿಂದಲೇ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಲ್ಲೂ ಇದು ಹೆಚ್ಚು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟುಬಿಟ್ಟರೆ ಕಾಯಿಲೆ ಇದ್ದರೂ ಫಲಿತಾಂಶದಲ್ಲಿ ಕಾಣದೆ ಹೋಗಬಹುದು. ಇದೊಂದು ಮರೆಯಬೇಡಿ.

ಈ ಕಾಯಿಲೆಗೆ ಮಾತ್ರೆಯಿಲ್ಲ, ಜೀವನಪರ್ಯಂತ ಗ್ಲುಟೆನ್ ಇಲ್ಲದ ಪಥ್ಯವೇ ಮದ್ದು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944–45ರಲ್ಲಿ, ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಅಲ್ಲಿನ ಮಕ್ಕಳ ವೈದ್ಯ ಡಿಕ್ಕೆಯವರಿಗೆ ಗೋಧಿಯ ಮೇಲೆ ಮೊದಲೇ ಇದ್ದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಹಾಲೆಂಡಿನವರಿಗೆ ಬರಗಾಲ ಕಲಿಸಿದ ಪಥ್ಯ ನಮ್ಮಲ್ಲಿ ದಿನದ ಊಟ: ರಾಗಿ, ಅಕ್ಕಿ, ಸಾಮೆ, ನವಣೆ, ಅವರೆಕಾಳು. ಯಾವುದರಲ್ಲೂ ಗ್ಲುಟೆನ್ ಇಲ್ಲ.

ತೊಡಕಿರುವುದು ಹಿಟ್ಟಿನ ಮಿಲ್ಲಿನಲ್ಲಿ. ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ಮೊದಲು ಉದುರುವುದು ಗೋಧಿ ಬೆರೆತ ಹಿಟ್ಟು. ಗ್ಲುಟೆನ್‌ರಹಿತ ಎಂದು ಬರೆಯಲು ನಮ್ಮ ಕಾನೂನು ಒಪ್ಪುವುದು ಕಿಲೋಗೆ 20 ಮಿಲಿಗ್ರಾಂವರೆಗೆ ಮಾತ್ರ. ಮಿಲ್ಲಿನವರೇ, ಈ ಕಾಯಿಲೆ ಇರುವ ಮನೆಯವರು ಬಂದು ಕೇಳಿದರೆ ಗೋಧಿ ಬೀಸದ ಯಂತ್ರದಲ್ಲೇ ಹಾಕಿಕೊಡಿ. ಅಡುಗೆಯವರೇ, ಇಂಗಿನ ಡಬ್ಬಿಯ ಚೀಟಿ ಓದಿ. ಇಂಗಿಗೆ ಗೋಧಿ ಹಿಟ್ಟು ಬೆರೆಸಿರುವುದುಂಟು. ಮೇಷ್ಟ್ರೇ, ಬುತ್ತಿ ಹಂಚಿಕೊಳ್ಳದ ಮಗುವನ್ನು ಜಿಪುಣ ಅನ್ನಬೇಡಿ.

ಅಜ್ಜಿಯಂದಿರೇ, ‘ನಂಗೆ ಬ್ಯಾಡ’ ಅಂದ ಮಗುವಿನ ಕೈಗೆ ಬಾಳೆಹಣ್ಣು ಇಡಿ. ಅದೂ ಪ್ರಸಾದವೇ. ಹಣ್ಣಿನ ಕಾಲ ಬಂದಿದ್ದರೆ ನಮ್ಮ ಚೇಳೂರು ಹಲಸಿನ ಎರಡು ತೊಳೆ ಕೊಡಿ.