ಸತ್ಯಕ್ಕೆ ಬೆಲೆ ತೆರುವವರು ಯಾರು?

ಬೈಬಲಿನ ದಶಾಜ್ಞೆಗಳಲ್ಲಿ ಸುಳ್ಳಿಗೆ ಸಂಬಂಧಿಸಿದ ಆಜ್ಞೆ ಎಲ್ಲ ಬಗೆಯ ಸುಳ್ಳನ್ನೂ ಒಟ್ಟಿಗೆ ಹೆಸರಿಸುವುದಿಲ್ಲ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಎಂಬಷ್ಟಕ್ಕೇ ಅದು ನಿಲ್ಲುತ್ತದೆ. ಪ್ರಾಚೀನ ಇಸ್ರಾಯೇಲಿನಲ್ಲಿ ಊರಬಾಗಿಲ ಬಳಿ ಹಿರಿಯರು ಕೂತು ನ್ಯಾಯ ತೀರಿಸುತ್ತಿದ್ದರು. ಇಬ್ಬರು ಮೂವರು ಸಾಕ್ಷಿಗಳ ಮಾತಿನ ಮೇಲೆ ಒಬ್ಬನ ಹೊಲ, ಮಾನ, ಕೆಲವೊಮ್ಮೆ ಪ್ರಾಣವೂ ನಿಂತಿರುತ್ತಿತ್ತು. ನಾಬೋತನ ದ್ರಾಕ್ಷಿತೋಟವನ್ನು ಅಹಾಬ ರಾಜನಿಗೆ ದಕ್ಕಿಸಿಕೊಡಲು ರಾಣಿ ಈಜೆಬೆಲಳಿಗೆ ಸೈನ್ಯ ಬೇಕಾಗಲಿಲ್ಲ. ಇಬ್ಬರು ಸುಳ್ಳು ಸಾಕ್ಷಿಗಳು ಸಾಕಾದರು. ಅವರ ಮಾತಿನ ಮೇಲೆ ಊರಿನವರು ನಾಬೋತನನ್ನು ಕಲ್ಲೆಸೆದು ಕೊಂದರು. ಸುಳ್ಳು ಸಾಕ್ಷಿ ಹೇಳಿದವನು ಇನ್ನೊಬ್ಬನಿಗೆ ಯಾವ ಶಿಕ್ಷೆ ಬಯಸಿದ್ದನೋ ಅದನ್ನೇ ಅವನಿಗೆ ವಿಧಿಸಬೇಕೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತದೆ. ಕ್ರೈಸ್ತರು ಯೆಹೂದ್ಯರಿಂದ ಪಡೆದ ಸತ್ಯದ ಕಲ್ಪನೆ ಹೀಗೆ ಮೊದಲಿನಿಂದಲೂ ನೆರೆಯವನಿಗೆ ಸಲ್ಲಬೇಕಾದ ಬಾಕಿ. ತಕ್ಕಡಿಯ ಮೋಸವನ್ನೂ ಕೂಲಿಯವನ ಕೂಲಿ ಹಿಡಿದಿಟ್ಟುಕೊಳ್ಳುವುದನ್ನೂ ಪ್ರವಾದಿಗಳು ಸುಳ್ಳಿನ ಸಾಲಿನಲ್ಲೇ ಇಟ್ಟರು. ಒಬ್ಬನ ಸುಳ್ಳಿಗೆ ಇನ್ನೊಬ್ಬನು ಬೆಲೆ ತೆರುತ್ತಾನೆ ಎಂಬ ಎಚ್ಚರ ಈ ಪರಂಪರೆಯ ತಳದಲ್ಲೇ ಇದೆ. ಕ್ರೈಸ್ತ ಜೀವನದಲ್ಲಿ ಪ್ರಾಮಾಣಿಕತೆಗೆ ಇರುವ ಸ್ಥಾನವನ್ನು ಅಳೆಯಲು ಇದಕ್ಕಿಂತ ನೆಚ್ಚಬಹುದಾದ ಅಳತೆಗೋಲು ಸಿಗುವುದು ಕಷ್ಟ.

ಯೇಸು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಆಣೆಯನ್ನೇ ಬೇಡವೆಂದ. ಆಣೆ ಇಟ್ಟಾಗ ಮಾತ್ರ ನಿಜ ಹೇಳಬೇಕು ಎಂಬ ವ್ಯವಸ್ಥೆಯಲ್ಲಿ ಉಳಿದ ಮಾತಿಗೆಲ್ಲ ರಿಯಾಯಿತಿ ಸಿಕ್ಕಂತಾಗುತ್ತದೆ; ಆ ರಿಯಾಯಿತಿಯನ್ನು ಆತ ರದ್ದುಮಾಡಿದ. ಹೊಸ ಒಡಂಬಡಿಕೆಯಲ್ಲಿ ಅನನೀಯ ಮತ್ತು ಸಪ್ಫೈರ ದಂಪತಿಯ ಕಥೆ ಇನ್ನೂ ಕಟುವಾದದ್ದು. ಹೊಲ ಮಾರಿದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟು, ಎಲ್ಲವನ್ನೂ ಸಭೆಗೆ ಕೊಟ್ಟಂತೆ ಅವರು ತೋರಿಸಿಕೊಂಡರು. ಹೊಲ ಅವರದೇ ಆಗಿತ್ತು, ಮಾರಿದ ಹಣವೂ ಅವರ ಕೈಯಲ್ಲೇ ಇತ್ತು ಎಂದು ಅಪೊಸ್ತಲ ಪೇತ್ರ ಬಿಡಿಸಿ ಹೇಳುತ್ತಾನೆ. ಉಳಿಸಿಕೊಂಡದ್ದು ತಪ್ಪಲ್ಲ, ಪೂರ್ತಿ ಕೊಟ್ಟೆವೆಂಬ ಸೋಗು ತಪ್ಪು. ಕ್ರೈಸ್ತ ಸಮುದಾಯದೊಳಗೆ ನಡೆದ ಪಾಪವೆಂದು ಅಪೊಸ್ತಲರ ಕೃತ್ಯಗಳು ಮೊದಲು ದಾಖಲಿಸುವುದು ಈ ಸುಳ್ಳನ್ನು, ಅದೂ ಭಕ್ತಿಯ ವೇಷ ತೊಟ್ಟ ಸುಳ್ಳನ್ನು.

ಕ್ರಿ.ಶ. 250ರಲ್ಲಿ ಈ ಬೋಧನೆ ಸಾಮ್ರಾಜ್ಯದ ಮಟ್ಟದಲ್ಲಿ ಪರೀಕ್ಷೆಗೆ ಬಿತ್ತು. ರೋಮನ್ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಚೀಟಿ ಬರೆಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ನಾನು ಯಾವಾಗಲೂ ದೇವತೆಗಳಿಗೆ ಬಲಿ ಸಲ್ಲಿಸುತ್ತಾ ಬಂದವನು, ಈಗಲೂ ಅಧಿಕಾರಿಗಳ ಕಣ್ಣೆದುರೇ ಪಾನ ಎರೆದು ಬಲಿಯನ್ನು ಸವಿದಿದ್ದೇನೆ ಎಂಬುದು ಆ ಚೀಟಿಯ ಒಕ್ಕಣೆ. ಇಂಥ 40ಕ್ಕೂ ಹೆಚ್ಚು ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಅನೇಕ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ, ಅಧಿಕಾರಿಗೆ ಹಣ ತೆತ್ತು ಚೀಟಿಯನ್ನಷ್ಟೇ ಕೊಂಡರು. ವಿಗ್ರಹದ ಮುಂದೆ ತಲೆ ಬಾಗಲಿಲ್ಲ, ಕೈಯಲ್ಲಿರುವುದು ಬರೀ ಕಾಗದ ಎಂಬುದು ಅವರ ಸಮಾಧಾನ. ಕಾರ್ತೇಜಿನ ಬಿಷಪ್ ಸಿಪ್ರಿಯನ್ ಇದನ್ನು ಒಪ್ಪಲಿಲ್ಲ. ಮಾಡದ ಕೆಲಸವನ್ನು ಮಾಡಿದೆನೆಂದು ಬರೆಸಿಕೊಂಡವನು ಕ್ರಿಸ್ತನನ್ನು ನಿರಾಕರಿಸಿದ್ದೇನೆಂದು ಸಾರಿದಂತೆಯೇ ಆಯಿತು ಎಂಬುದು ಆತನ ವಾದ. ಹಾಗೆಂದು ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಲೂ ಇಲ್ಲ. 251ರಲ್ಲಿ ಕಾರ್ತೇಜಿನಲ್ಲಿ ಕೂಡಿದ ಬಿಷಪ್‌ಗಳ ಸಭೆ, ಚೀಟಿ ಕೊಂಡವರ ಪ್ರಕರಣಗಳನ್ನು ಒಂದೊಂದಾಗಿ ವಿಚಾರಿಸಿ ಅವರನ್ನು ಮತ್ತೆ ಸೇರಿಸಿಕೊಳ್ಳಬಹುದೆಂದಿತು. ಬಲಿ ಕೊಟ್ಟವರ ಪ್ರಾಯಶ್ಚಿತ್ತ ದೀರ್ಘವಾಗಿರಬೇಕೆಂದಿತು. ಸ್ವತಃ ಸಿಪ್ರಿಯನ್ ಆ ಹಿಂಸೆಯ ಕಾಲದಲ್ಲಿ ತಲೆಮರೆಸಿಕೊಂಡಿದ್ದ. ಅಡಗಿಕೊಳ್ಳುವುದು ಬೇರೆ, ಸುಳ್ಳು ಬರೆಸಿಕೊಳ್ಳುವುದು ಬೇರೆ ಎಂಬ ಭೇದ ಅಂದೇ ಗೆರೆ ಎಳೆದಂತೆ ಸ್ಪಷ್ಟವಾಗಿತ್ತು. 258ರಲ್ಲಿ ಮತ್ತೊಂದು ಹಿಂಸೆ ಎರಗಿದಾಗ ಆತ ಬಲಿ ಕೊಡಲು ನಿರಾಕರಿಸಿ ಕತ್ತಿಗೆ ತಲೆಯೊಡ್ಡಿದ.

ಸುಳ್ಳನ್ನು ಕುರಿತು ಮೊದಲ ಬಾರಿಗೆ ಇಡೀ ಗ್ರಂಥವನ್ನೇ ಬರೆದ ಕ್ರೈಸ್ತ ಚಿಂತಕ ಆಗಸ್ಟಿನ್. ಸುಮಾರು 395ರಲ್ಲಿ ಬರೆದ ಆ ಗ್ರಂಥದಲ್ಲಿ ಆತ ಸುಳ್ಳನ್ನು ಎಂಟು ಬಗೆಯಾಗಿ ವಿಂಗಡಿಸುತ್ತಾನೆ. ಯಾರಿಗೂ ಕೇಡು ಮಾಡದೆ ಒಬ್ಬರ ಶೀಲವನ್ನು ಕಾಪಾಡುವ ಸುಳ್ಳು ಎಲ್ಲಕ್ಕಿಂತ ಹಗುರ. ಧರ್ಮಬೋಧನೆಯಲ್ಲಿ ಹೇಳುವ ಸುಳ್ಳು ಎಲ್ಲಕ್ಕಿಂತ ಘೋರ. ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾದುದನ್ನು ವಂಚಿಸುವ ಉದ್ದೇಶದಿಂದ ಹೇಳುವುದೇ ಸುಳ್ಳು, ಅದು ಯಾವ ಸಂದರ್ಭದಲ್ಲೂ ಸಲ್ಲದು ಎಂಬುದು ಆತನ ನಿಲುವು. ಈ ಕಠೋರತೆಗೆ ಕಾರಣವಿತ್ತು. ಅಂತಿಯೋಕ್ಯದಲ್ಲಿ ಅಪೊಸ್ತಲ ಪೌಲ ಪೇತ್ರನನ್ನು ಎಲ್ಲರೆದುರು ಗದರಿದ ಪ್ರಸಂಗವನ್ನು, ಅದು ಇಬ್ಬರೂ ಕೂಡಿ ಆಡಿದ ಹಿತದ ನಾಟಕವೆಂದು ಬೈಬಲ್ ವಿದ್ವಾಂಸ ಜೆರೋಮ್ ವ್ಯಾಖ್ಯಾನಿಸಿದ್ದ. ಪವಿತ್ರ ಗ್ರಂಥದಲ್ಲಿ ಒಂದೇ ಒಂದು ಉಪಯುಕ್ತ ಸುಳ್ಳಿಗೆ ಜಾಗ ಕೊಟ್ಟರೂ ಮಿಕ್ಕ ಯಾವ ವಾಕ್ಯವನ್ನು ನಂಬುವುದು ಎಂದು ಆಗಸ್ಟಿನ್ ಪತ್ರ ಬರೆದು ಆಕ್ಷೇಪಿಸಿದ. ಮುಂದೆ, ಸುಮಾರು 420ರಲ್ಲಿ, ತಮ್ಮ ಮತವನ್ನು ಮುಚ್ಚಿಡಲು ಸುಳ್ಳು ಹೇಳುತ್ತಿದ್ದ ಪ್ರಿಸಿಲಿಯನ್ ಪಂಥದವರನ್ನು ಹಿಡಿಯಲು ತಾವೂ ಆ ಪಂಥದವರಂತೆ ನಟಿಸಬಹುದೇ ಎಂದು ಕೊನ್ಸೆಂತಿಯಸ್ ಎಂಬವನು ಕೇಳಿದಾಗಲೂ ಆತನ ಉತ್ತರ ಬದಲಾಗಲಿಲ್ಲ. ಸತ್ಯವನ್ನು ಕಾಯಲು ಸುಳ್ಳನ್ನು ಆಶ್ರಯಿಸಿದರೆ ಕಾಯುವುದಕ್ಕೆ ಏನು ಉಳಿಯುತ್ತದೆ?

ಆದರೆ ನಿರಪರಾಧಿಯೊಬ್ಬ ಮನೆಯೊಳಗೆ ಅಡಗಿರುವಾಗ ಕೊಲೆಗಾರ ಬಾಗಿಲು ತಟ್ಟಿದರೆ? ಈ ಪ್ರಶ್ನೆಯಿಂದ ಆಗಸ್ಟಿನ್ ನುಣುಚಿಕೊಳ್ಳಲಿಲ್ಲ. ಥಗಾಸ್ತೆಯ ಬಿಷಪ್ ಆಗಿದ್ದ ಫಿರ್ಮಸ್ ಎಂಬಾತನ ನಿದರ್ಶನವನ್ನು ಮುಂದಿಡುತ್ತಾನೆ. ತನ್ನನ್ನು ಮೊರೆಹೊಕ್ಕ ಒಬ್ಬನನ್ನು ಫಿರ್ಮಸ್ ಬಚ್ಚಿಟ್ಟಿದ್ದ. ಚಕ್ರವರ್ತಿಯ ಕಡೆಯವರು ಬಂದು ಕೇಳಿದಾಗ, ಸುಳ್ಳು ಹೇಳಲಾರೆ, ಅವನನ್ನು ಹಿಡಿದುಕೊಡಲೂ ಆರೆ ಎಂದ. ಚಿತ್ರಹಿಂಸೆಗೂ ಬಗ್ಗಲಿಲ್ಲ. ಆತನ ಸ್ಥೈರ್ಯ ಕಂಡ ಚಕ್ರವರ್ತಿ ಅಡಗಿದ್ದವನಿಗೂ ಕ್ಷಮೆ ನೀಡಿದ. ಇಲ್ಲಿ ಗಮನಿಸಬೇಕಾದದ್ದು ಸುಖಾಂತ್ಯವನ್ನಲ್ಲ, ಅದು ಎಲ್ಲರಿಗೂ ಸಿಗುವಂಥದಲ್ಲ. ಸತ್ಯದ ಬೆಲೆಯನ್ನು ಫಿರ್ಮಸ್ ತನ್ನ ಮೈಯಿಂದಲೇ ತೆತ್ತ ಎಂಬುದು ಮುಖ್ಯ. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳಿದ ಪುಣ್ಯಕೋಟಿಯನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ಸತ್ಯನಿಷ್ಠೆ ಅಪರಿಚಿತವಲ್ಲ. ಬೆಲೆ ತೆರಬೇಕಾದವನು ಅಡಗಿರುವ ಇನ್ನೊಬ್ಬನಾಗಿದ್ದಾಗ ಮಾತ್ರ ಲೆಕ್ಕ ಕಠಿಣವಾಗುತ್ತದೆ. ಫರೋಹನಿಗೆ ಸುಳ್ಳು ಹೇಳಿ ಇಬ್ರಿಯರ ಗಂಡುಕೂಸುಗಳನ್ನು ಉಳಿಸಿದ ಸೂಲಗಿತ್ತಿಯರನ್ನು ದೇವರು ಆಶೀರ್ವದಿಸಿದನೆಂದು ಬೈಬಲೇ ಹೇಳುತ್ತದೆ. ಅವರ ಕರುಣೆಗೆ ಫಲ ದೊರೆಯಿತು, ಸುಳ್ಳಿಗಲ್ಲ ಎಂದು ಆಗಸ್ಟಿನ್ ಬಿಡಿಸಲು ನೋಡಿದ. ಆ ಬಿಡಿಸುವಿಕೆ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಆತನ ಸಮಕಾಲೀನ ಸನ್ಯಾಸಿ ಯೊಹಾನ್ ಕಾಸಿಯನ್ ಸುಳ್ಳನ್ನು ವಿಷಮೂಲಿಕೆಗೆ ಹೋಲಿಸಿ, ಪ್ರಾಣಾಂತಿಕ ರೋಗದಲ್ಲಿ ಅದು ಮದ್ದು, ಆರೋಗ್ಯವಂತನಿಗೆ ಮೃತ್ಯು ಎಂದ. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್, ಎಲ್ಲ ಸುಳ್ಳೂ ಪಾಪವೇ, ಆದರೆ ಪರರ ಹಿತಕ್ಕೆ ಹೇಳಿದ್ದು ಲಘುಪಾಪ ಎಂದು ನಡುದಾರಿ ಹಿಡಿದ. ಮಾತಿನ ಅರ್ಧವನ್ನು ಮನಸ್ಸಿನಲ್ಲೇ ಉಳಿಸಿಕೊಂಡು ಕೇಳುವವನನ್ನು ದಾರಿತಪ್ಪಿಸಬಹುದೆಂಬ ಮುಂದಿನ ಕಾಲದ ಜಾಣತನವನ್ನು ಪೋಪ್ 11ನೇ ಇನ್ನೊಸೆಂಟ್ 1679ರಲ್ಲಿ ಖಂಡಿಸಿದರು. ಖಂಡಿಸಿದ್ದು ಸರಿಯೇ, ನಾಲಿಗೆಯನ್ನು ಶುದ್ಧವಾಗಿಟ್ಟುಕೊಂಡು ನೆರೆಯವನನ್ನು ವಂಚಿಸುವುದರಲ್ಲಿ ಪ್ರಾಮಾಣಿಕತೆಯ ಲೇಶವೂ ಇಲ್ಲ.

ಧರ್ಮದ ಹೆಸರಿನ ಸುಳ್ಳೇ ಘೋರವೆಂಬ ಆಗಸ್ಟಿನನ ಮಾತನ್ನು ಸಭೆ ತನಗೇ ಅನ್ವಯಿಸಿಕೊಳ್ಳಲಿಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಆಳ್ವಿಕೆಯನ್ನೇ ಪೋಪ್‌ಗೆ ದಾನ ಕೊಟ್ಟನೆಂದು ಹೇಳುವ ಒಂದು ಪತ್ರ 8ನೇ ಶತಮಾನದ ಹೊತ್ತಿಗೆ ಹುಟ್ಟಿಕೊಂಡಿತು. ಪೋಪ್‌ಗಳ ರಾಜಕೀಯ ಅಧಿಕಾರಕ್ಕೆ ಅದನ್ನು ಶತಮಾನಗಳ ಕಾಲ ಆಧಾರವಾಗಿ ತೋರಿಸಲಾಯಿತು. 1440ರಲ್ಲಿ ಲೊರೆಂಜೊ ವಲ್ಲಾ ಎಂಬ ಇಟಲಿಯ ವಿದ್ವಾಂಸ, ಆ ಪತ್ರದ ಲ್ಯಾಟಿನ್ ಕಾನ್‌ಸ್ಟಂಟೈನನ ಕಾಲದ್ದಲ್ಲ, ಅದರಲ್ಲಿನ ಪದವಿಗಳೂ ಪದಗಳೂ ಆಗಿನ್ನೂ ಬಳಕೆಯಲ್ಲಿರಲಿಲ್ಲ ಎಂದು ತೋರಿಸಿ ಅದು ಕೂಟಪತ್ರವೆಂದು ಸಾಬೀತುಮಾಡಿದ. ಆಗ ಪೋಪ್ ಜೊತೆ ಜಗಳದಲ್ಲಿದ್ದ ಅರಸನೊಬ್ಬನ ಆಶ್ರಯದಲ್ಲಿ ವಲ್ಲಾ ಇದ್ದದ್ದು ನಿಜ. ಅದರಿಂದ ಆತನ ಪುರಾವೆಯ ತೂಕ ಕಡಿಮೆಯಾಗುವುದಿಲ್ಲ. ಪೋಪ್ 5ನೇ ನಿಕೊಲಸ್ ಮುಂದೆ ಇದೇ ವಲ್ಲಾನಿಗೆ ರೋಮಿನಲ್ಲಿ ಕೆಲಸ ಕೊಟ್ಟರೆಂಬುದು ಈ ಕಥೆಯ ಒಳ್ಳೆಯ ಭಾಗ.

ಬೋಧನೆಯನ್ನು ತಮಗೇ ಅನ್ವಯಿಸಿಕೊಂಡವರೂ ಇದ್ದರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರರೆಂಬ ಕ್ರೈಸ್ತ ಪಂಗಡದವರು ಬೆಟ್ಟದ ಪ್ರಸಂಗವನ್ನು ಅಕ್ಷರಶಃ ಹಿಡಿದು ನ್ಯಾಯಾಲಯದಲ್ಲಿ ಆಣೆ ಇಡಲು ನಿರಾಕರಿಸಿದರು, ಅದಕ್ಕಾಗಿ ಸೆರೆಮನೆಗೂ ಹೋದರು. ಅಂಗಡಿಯಲ್ಲೂ ಅದೇ ನೇಮ: ಚೌಕಾಸಿಗೆಂದು ಬೆಲೆ ಏರಿಸಿ ಹೇಳುವುದು ಸುಳ್ಳೆಂದು ಬಗೆದು ಎಲ್ಲರಿಗೂ ಒಂದೇ ದರ ಇಟ್ಟರು. 1696ರಲ್ಲಿ ಇಂಗ್ಲಿಷ್ ಕಾನೂನು ಅವರಿಗೆ ಆಣೆಯ ಬದಲು ದೃಢೀಕರಣದ ಅವಕಾಶ ಕೊಟ್ಟಿತು. ಭಾರತದ 1969ರ ಪ್ರಮಾಣವಚನ ಕಾಯ್ದೆಯಲ್ಲೂ ಸಾಕ್ಷಿಗೆ ಅಂಥದೇ ಆಯ್ಕೆ ಇದೆ.

ಎರಡನೇ ಮಹಾಯುದ್ಧದಲ್ಲಿ ಚೀಟಿಯ ಪ್ರಶ್ನೆ ಮತ್ತೆ ಎದ್ದಿತು. ಫ್ರಾನ್ಸಿನ ಗುಡ್ಡಗಾಡಿನ ಲ ಶಾಂಬೊಂ ಎಂಬ ಪ್ರಾಟೆಸ್ಟಂಟ್ ಊರಿನಲ್ಲಿ ಪಾಸ್ಟರ್ ಆಂದ್ರೆ ತ್ರೊಕ್ಮೆ, ಆತನ ಹೆಂಡತಿ ಮಗ್ದಾ ಮತ್ತು ಸುತ್ತಲ ಹಳ್ಳಿಗರು ಸಾವಿರಾರು ನಿರಾಶ್ರಿತರಿಗೆ, ಅವರಲ್ಲಿ ಬಹುಪಾಲು ಯೆಹೂದ್ಯರಿಗೆ, ಆಸರೆಯಾದರು. ಅವರನ್ನು ಉಳಿಸಲು ಸುಳ್ಳು ಗುರುತಿನ ಚೀಟಿಗಳು ತಯಾರಾದವು. 1942ರಲ್ಲಿ ಅಧಿಕಾರಿಗಳು ಯೆಹೂದ್ಯರ ಪಟ್ಟಿ ಕೇಳಿದಾಗ ತ್ರೊಕ್ಮೆ ಕೊಡಲಿಲ್ಲ. ಆದರೂ ಸುಳ್ಳು ಚೀಟಿಗಳ ವಿಷಯದಲ್ಲಿ ಆತನ ಮನಸ್ಸು ನಿರಾಳವಾಗಿರಲಿಲ್ಲ. 1943ರಲ್ಲಿ ಬಂಧನದಲ್ಲಿದ್ದಾಗ, ಸರ್ಕಾರದ ಆದೇಶಗಳಿಗೆ ವಿಧೇಯನಾಗಿರುವೆನೆಂಬ ಮುಚ್ಚಳಿಕೆಗೆ ಸಹಿ ಹಾಕಿದರೆ ಬಿಡುಗಡೆ ಎಂದರು. ಪಾಲಿಸುವ ಉದ್ದೇಶವೇ ಇಲ್ಲದ ಮಾತಿಗೆ ಆತ ಸಹಿ ಹಾಕಲಿಲ್ಲ. ಇನ್ನೊಬ್ಬರ ಜೀವಕ್ಕಾಗಿ ಚೀಟಿ ತಿದ್ದಿದ ಊರಿನ ಪಾಸ್ಟರ್ ತನ್ನ ಬಿಡುಗಡೆಗಾಗಿ ಒಂದು ಸಹಿಯ ಸುಳ್ಳನ್ನೂ ಒಲ್ಲೆನೆಂದ. ಇದರಲ್ಲಿ ವಿರೋಧಾಭಾಸ ಕಾಣುವವರು ಸಿಪ್ರಿಯನ್‌ನ ಕಾಲದ ಚೀಟಿಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಚೀಟಿ ಕೊಂಡವನು ತನ್ನನ್ನು ಉಳಿಸಿಕೊಂಡ. ಬೆಲೆ ತೆತ್ತವರು ಚೀಟಿ ಕೊಳ್ಳದೆ ಸೆರೆಗೆ ಹೋದ ಅವನದೇ ಸಭೆಯವರು. ಇಲ್ಲಿ ಚೀಟಿ ಮಾಡಿದವರು ಅಪಾಯವನ್ನು ತಮ್ಮ ಮೇಲೆಳೆದುಕೊಂಡರು. ಅದೇ 1943ರಲ್ಲಿ ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿದ್ದ ಜರ್ಮನ್ ಪಾಸ್ಟರ್ ಡೀಟ್ರಿಕ್ ಬೊನ್‌ಹೋಫರ್ ಸತ್ಯ ನುಡಿಯುವುದೆಂದರೇನು ಎಂಬ ಪ್ರಬಂಧಕ್ಕೆ ತೊಡಗಿದ, ಮುಗಿಸಲಾಗಲಿಲ್ಲ. ನಿನ್ನ ಅಪ್ಪ ಕುಡಿದು ಮನೆಗೆ ಬರುತ್ತಾನೆಯೇ ಎಂದು ತರಗತಿಯೆದುರು ಮೇಷ್ಟ್ರು ಕೇಳುತ್ತಾರೆ. ಬರುವುದು ನಿಜವಾದರೂ ಮಗು ಇಲ್ಲ ಎನ್ನುತ್ತದೆ. ಆ ಪ್ರಶ್ನೆ ಕೇಳುವ ಹಕ್ಕು ಮೇಷ್ಟ್ರಿಗಿಲ್ಲ, ತಪ್ಪು ಪೂರ್ತಿಯಾಗಿ ಅವರದೇ ಎಂಬುದು ಬೊನ್‌ಹೋಫರನ ತರ್ಕ. ಈ ತರ್ಕವನ್ನು ಸಡಿಲಬಿಟ್ಟರೆ ಅನುಕೂಲಕ್ಕೆ ತಕ್ಕ ಸುಳ್ಳಿಗೆಲ್ಲ ಬಾಗಿಲು ತೆರೆಯುವ ಭಯವಿದೆ. ಆ ಬಾಗಿಲಿಗೆ ಅಗುಳಿ ಹಾಕುವುದು ಅದೇ ಹಳೆಯ ಪ್ರಶ್ನೆ: ಈ ಸುಳ್ಳು ಯಾರನ್ನು ಕಾಯುತ್ತಿದೆ, ಬೆಲೆ ಯಾರ ಮೇಲೆ ಬೀಳುತ್ತಿದೆ?

ಇತ್ತೀಚಿನ ದಶಕಗಳಲ್ಲಿ ಕ್ರೈಸ್ತ ಸಭೆಗಳು ಸೋತಿರುವುದು ಈ ಪ್ರಶ್ನೆಯಲ್ಲೇ. ಪಾದ್ರಿಗಳು ಮಕ್ಕಳ ಮೇಲೆ ಎಸಗಿದ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟು ಆ ಪಾದ್ರಿಗಳನ್ನು ಊರಿಂದೂರಿಗೆ ವರ್ಗ ಮಾಡಿದ ಬಾಸ್ಟನ್ನಿನ ದಾಖಲೆಗಳು 2002ರಲ್ಲಿ ಹೊರಬಿದ್ದವು. 1950ರಿಂದ 2002ರವರೆಗೆ ಅಮೆರಿಕದಲ್ಲಿ 4,392 ಕ್ಯಾಥೊಲಿಕ್ ಪಾದ್ರಿಗಳ ಮೇಲೆ ಆರೋಪ ಬಂದಿತ್ತೆಂದು ಬಿಷಪ್‌ಗಳೇ ಮಾಡಿಸಿದ ಅಧ್ಯಯನ 2004ರಲ್ಲಿ ಲೆಕ್ಕ ಕೊಟ್ಟಿತು. ಇದು ಒಂದು ಪಂಗಡದ ರೋಗವಲ್ಲ. ಆರೋಪಿತರ ಪಟ್ಟಿ ಇಡುವುದು ತಮ್ಮಿಂದಾಗದೆಂದು ಹೇಳುತ್ತ ಬಂದಿದ್ದ ಅಮೆರಿಕದ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಸಭೆಯ ಮುಖಂಡರು ಗುಟ್ಟಾಗಿ ಅಂಥದೇ ಪಟ್ಟಿ ಇಟ್ಟುಕೊಂಡಿದ್ದರೆಂದು 2022ರ ತನಿಖಾ ವರದಿ ಬಯಲುಮಾಡಿತು. ಸಭೆಯ ಹೆಸರು ಕೆಡಬಾರದು, ವಿಶ್ವಾಸಿಗಳು ಎದೆಗುಂದಬಾರದು ಎಂಬುದೇ ಎಲ್ಲೆಡೆ ಕೇಳಿಬಂದ ಸಮರ್ಥನೆ. ಭಕ್ತಿಯ ವೇಷದಲ್ಲಿ ಬಂದ ಅನನೀಯನ ಸುಳ್ಳೂ ಆಗಸ್ಟಿನ್ ಪಟ್ಟಿಯ ತುದಿಯಲ್ಲಿಟ್ಟ ಸುಳ್ಳೂ ಇಲ್ಲಿ ಒಂದಾಗಿವೆ. ಬೆಲೆ ತೆತ್ತವರು ಮಾತ್ರ ಮಕ್ಕಳು.

ಕ್ರೈಸ್ತ ಬೋಧನೆಯಲ್ಲಿ ಸುಳ್ಳಿನ ಪಾಪ ಅರಿಕೆ ಮಾಡಿಕೊಂಡ ಮಾತ್ರಕ್ಕೆ ತೀರುವುದಿಲ್ಲ. ಸುಂಕದ ಜಕ್ಕಾಯ ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ ಮೇಲೆ ಯೇಸು ಅವನ ಮನೆಗೆ ರಕ್ಷಣೆ ಬಂದಿತೆಂದು ಸಾರಿದ. ಸತ್ಯಕ್ಕೆ ಬಗೆದ ದ್ರೋಹವನ್ನು ಸರಿಪಡಿಸಿಕೊಡುವುದು ಪಾಪಕ್ಷಮೆಯ ನಂತರವೂ ಕರ್ತವ್ಯವಾಗಿ ಉಳಿಯುತ್ತದೆ ಎಂದು ಕ್ಯಾಥೊಲಿಕ್ ಧರ್ಮೋಪದೇಶವೂ ಹೇಳುತ್ತದೆ. 2019ರಲ್ಲಿ ಪೋಪ್ ಫ್ರಾನ್ಸಿಸ್, ದೌರ್ಜನ್ಯದ ಮಾಹಿತಿ ತಿಳಿದ ಪಾದ್ರಿಗಳೂ ಸನ್ಯಾಸಿನಿಯರೂ ಮೇಲಿನವರಿಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಥ ಪ್ರಕರಣಗಳ ಮೇಲಿದ್ದ ಪೋಪ್ ಗೋಪ್ಯತೆಯ ನಿಯಮವನ್ನು ತೆಗೆದುಹಾಕಿದರು. ಆದರೆ ಕಡ್ಡಾಯವಾದ ಆ ವರದಿ ಮೊದಲು ಹೋಗುವುದು ಸಭೆಯ ಅಧಿಕಾರಿಗಳ ಕೈಗೆ. ಪೊಲೀಸರಿಗೆ ತಿಳಿಸುವ ಹೊಣೆಯನ್ನು ವರದಿಯ ನಿಯಮ ಆಯಾ ದೇಶದ ಕಾನೂನಿಗೇ ಬಿಟ್ಟಿದೆ. ಆ ಅಂತರ ಮುಚ್ಚುವವರೆಗೆ ಕೆಲಸ ಅರ್ಧವೇ ಆದಂತೆ.